ಪ್ರವಾದಿವರ್ಯರು(ಸ) ಕೆಡವದೆ ಬಿಟ್ಟ ಗೋಡೆ

ಪವಿತ್ರ ಕಅಬಾದ ವಾಯವ್ಯ ಬದಿಯಲ್ಲಿ ಅರ್ಧವೃತ್ತಾಕಾರದ ಮೋಟುಗೋಡೆಯೊಂದಿದೆ. ಹಿಜ್ರ್ ಅಥವಾ ಹತೀಮ್ ಎಂದು ಕರೆಯಲಾಗುವ ಈ ಜಾಗದ ಹೊರಗಿನಿಂದಲೇ ತವಾಫ್ ಮಾಡಬೇಕು. ಏಕೆಂದರೆ ಅದರಲ್ಲಿ ಸುಮಾರು 6 ಮೊಳದಷ್ಟು ಭಾಗವು ಮೂಲ ಕಅಬಾಕ್ಕೇ ಸೇರಿದುದಾಗಿದೆ. ಅದು ಹೊರಗುಳಿದದ್ದು ಹೇಗೆ?

ಮಕ್ಕಾ ಬೆಟ್ಟಗಳ ನಡುವಿನ ಕಣಿವೆ. ಬಿರುಮಳೆ ಸುರಿದರೆ ನೆರೆಯು ನೇರವಾಗಿ ಕಅಬಾದತ್ತ ನುಗ್ಗುತ್ತಿತ್ತು. ಪ್ರವಾದಿ ಮುಹಮ್ಮದ್(ಸ)ರಿಗೆ 35 ವರ್ಷವಾಗಿದ್ದಾಗ ಶಿಥಿಲಗೊಂಡ ಗೋಡೆಗಳನ್ನು ಪುನರ್ನಿರ್ಮಿಸಲು ಕುರೈಶರು ನಿರ್ಧರಿಸಿದರು. ಆದರೆ ಕೆಡವಲು ಎಲ್ಲರಿಗೂ ಭಯ. ಕೊನೆಗೆ ವಲೀದ್ ಬಿನ್ ಮುಗೀರಾ ಮೊದಲು ಕೈಹಚ್ಚಿದನು. ರಾತ್ರಿ ಕಳೆದರೂ ಅವನಿಗೆ ಯಾವ ಕೇಡೂ ಆಗದಿರುವುದನ್ನು ಕಂಡು ಉಳಿದವರೂ ಸೇರಿಕೊಂಡರು.

ಬಡ್ಡಿ, ವೇಶ್ಯಾವೃತ್ತಿ, ಅನ್ಯಾಯಗಳಿಂದ ಬಂದ ಹಣವನ್ನು ಈ ಕಾರ್ಯಕ್ಕೆ ಬಳಸಬಾರದೆಂದು ಅವರು ತೀರ್ಮಾನಿಸಿದ್ದರು. ವಿಗ್ರಹಾರಾಧಕರಾಗಿದ್ದೂ ಅಲ್ಲಾಹನ ಭವನದ ವಿಷಯದಲ್ಲಿ ಅವರಿಗೆ ಅಷ್ಟು ಎಚ್ಚರವಿತ್ತು! ಶುದ್ಧ ಸಂಪಾದನೆ ಸಾಲದಾದಾಗ ಅವರು ಕಟ್ಟಡವನ್ನೇ ಕಿರಿದುಗೊಳಿಸಿದರು. ಜೊತೆಗೆ, ತಮಗೆ ಬೇಕಾದವರನ್ನಷ್ಟೇ ಒಳಬಿಡಲು ಬಾಗಿಲನ್ನು ನೆಲದಿಂದ ಎತ್ತರಿಸಿದರು.

ಹಿಜ್ರಿ 8ರಲ್ಲಿ ಮಕ್ಕಾ ವಿಜಯವಾಯಿತು. ಕಅಬಾವನ್ನು ಇಬ್ರಾಹೀಮ್(ಅ)ರ ಅಡಿಪಾಯದ ಮೇಲೆ, ನೆಲಮಟ್ಟದ ಎರಡು ಬಾಗಿಲುಗಳೊಂದಿಗೆ ಕಟ್ಟುವ ಬಯಕೆ ಪ್ರವಾದಿವರ್ಯರಿ(ಸ)ಗಿತ್ತು. ಅಧಿಕಾರವೂ ಇತ್ತು. ಆದರೂ, ಇತ್ತೀಚೆಗಷ್ಟೇ ಅಜ್ಞಾನಕಾಲದಿಂದ ಹೊರಬಂದ ಜನರ ಮನಸ್ಸು ಕದಡೀತೆಂದು ಅವರು ಅದನ್ನು ಕೈಬಿಟ್ಟರು. ಹಝ್ರತ್ ಆಯಿಶಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ.

ಹಿಜ್ರಿ 64ರ ಮುತ್ತಿಗೆಯಲ್ಲಿ ಕಅಬಾ ಬೆಂಕಿಗೆ ತುತ್ತಾದಾಗ ಅಬ್ದುಲ್ಲಾ ಬಿನ್ ಝುಬೈರ್(ರ) ಆ ಬಯಕೆಯಂತೆಯೇ ಅದನ್ನು ಕಟ್ಟಿದರು. ಅವರು ಹುತಾತ್ಮರಾದ ಬಳಿಕ ಖಲೀಫಾ ಅಬ್ದುಲ್ ಮಲಿಕನ ಆಜ್ಞೆಯಂತೆ ಹಜ್ಜಾಜನು ಹತೀಮನ್ನು ಮತ್ತೆ ಹೊರಗಿಟ್ಟು, ಎರಡನೆಯ ಬಾಗಿಲನ್ನು ಮುಚ್ಚಿಸಿದನು. ಮುಂದೆ ಅಬ್ಬಾಸಿ ಖಲೀಫರೊಬ್ಬರು ಇದನ್ನು ಪುನಃ ಬದಲಿಸಲು ಬಯಸಿದಾಗ, ಅಲ್ಲಾಹನ ಭವನವು ಅರಸರ ಆಟಿಕೆಯಾಗಬಾರದೆಂದು ಇಮಾಮ್ ಮಾಲಿಕ್(ರಹ) ತಡೆದರು. 1630ರ ಮಹಾನೆರೆಯಲ್ಲಿ ಗೋಡೆಗಳು ಕುಸಿದು, ಉಸ್ಮಾನಿ ಸುಲ್ತಾನ ನಾಲ್ಕನೆಯ ಮುರಾದ್ ಪುನರ್ನಿರ್ಮಿಸಿದಾಗಲೂ ಹತೀಮ್ ಹೊರಗೇ ಉಳಿಯಿತು.

ಇಂದು ನಮ್ಮ ಜಮಾಅತ್‌ಗಳು ಹಳೆಯ ಮಸೀದಿಯನ್ನು ಕೆಡವಿ ಸಿಮೆಂಟ್ ಬ್ಲಾಕ್‌ಗಳಿಂದ ಹೊಸದನ್ನು ಕಟ್ಟುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಹಣ ಬಂದದ್ದು ಎಲ್ಲಿಂದ? ಗೋಡೆಯೊಂದಿಗೆ ಜನರ ಮನಸ್ಸೂ ಒಡೆಯುವುದೇ? ಮಸೀದಿ ಕಿರಿದಾದರೆ ನಮಾಝ್ ಕೆಡದು; ಒಡೆದ ಮನಸ್ಸುಗಳನ್ನು ಜೋಡಿಸುವುದು ಮಾತ್ರ ಸುಲಭವಲ್ಲ.

ಅಲ್ಲಾಹನು ನಮ್ಮ ಸಂಪಾದನೆಯನ್ನೂ ಸಂಕಲ್ಪವನ್ನೂ ಶುದ್ಧಗೊಳಿಸಲಿ. ಆಮೀನ್.