ಶಾಶ್ವತ ಕುಟುಂಬದ ಹೊರಗೆ ನಿಂತವಳು

ಮನೆತನಗಳ ದಾಖಲೆ ಕಲೆಹಾಕುವುದರಲ್ಲಿ ಅಮೆರಿಕದ ಮಾರ್ಮನ್ನರನ್ನು ಮೀರಿಸಿದವರು ವಿರಳ. ಯೂಟಾದ ಸಾಲ್ಟ್ ಲೇಕ್ ನಗರದ ಬಳಿ ಗ್ರಾನೈಟ್ ಬೆಟ್ಟ ಕೊರೆದು ಮಾಡಿದ ಉಗ್ರಾಣದಲ್ಲಿ ನಾನಾ ದೇಶಗಳ ಜನನ, ಮರಣ, ವಿವಾಹಗಳ ಮೈಕ್ರೋಫಿಲ್ಮ್ ಸುರುಳಿಗಳಿವೆ. ಇದು ಬರಿಯ ಹವ್ಯಾಸವಲ್ಲ. ಗಂಡ ಹೆಂಡಿರು, ತಂದೆತಾಯಿ ಮಕ್ಕಳು ಸಾವಿನಾಚೆಗೂ ಒಂದೇ ಕುಟುಂಬವಾಗಿ ಉಳಿಯುತ್ತಾರೆಂಬುದು ಅವರ ನಂಬಿಕೆ. ದೇವಾಲಯದಲ್ಲಿ ನಡೆಯುವ ‘ಸೀಲಿಂಗ್’ ಎಂಬ ವಿಧಿ ಆ ನಂಟನ್ನು ಬೆಸೆಯುತ್ತದೆ. ಸತ್ತವರ ಪರವಾಗಿ ಬದುಕಿರುವವರು ಅದನ್ನು ನಡೆಸಬಹುದು. ಅದಕ್ಕೆ ಹಿರಿಯರ ಹೆಸರು ಗೊತ್ತಿರಬೇಕು.

ಆದರೆ ಕುಟುಂಬವೆಂದರೆ ಯಾರು ಯಾರು? ಈ ಪ್ರಶ್ನೆಯನ್ನು ಪಂಥದ ಹಿರಿಯರ ಮುಂದೆ ವರ್ಷಗಟ್ಟಲೆ ಇಟ್ಟವಳು ಜೇನ್ ಮ್ಯಾನಿಂಗ್ ಜೇಮ್ಸ್ ಎಂಬ ಕಪ್ಪು ಮಹಿಳೆ.

ಕನೆಕ್ಟಿಕಟ್‌ನ ವಿಲ್ಟನ್‌ನಲ್ಲಿ ಹುಟ್ಟಿದ ಜೇನ್ ಗುಲಾಮಳಲ್ಲ, ಸ್ವತಂತ್ರಳು. ಮಾರ್ಮನ್ ಪಂಥ ಸೇರಿದ ಆಕೆ 1843ರಲ್ಲಿ ತಾಯಿ, ಒಡಹುಟ್ಟಿದವರೊಡನೆ ಇಲಿನಾಯ್‌ನ ನೌವೂ ಪಟ್ಟಣಕ್ಕೆ ಹೊರಟಳು. ಬಫಲೋದಲ್ಲಿ ಇವರನ್ನು ಹಡಗು ಹತ್ತಗೊಡಲಿಲ್ಲ. ಜೊತೆಯ ಬಿಳಿಯರು ಮುಂದೆ ಸಾಗಿದರು. ಮಿಕ್ಕ 800 ಮೈಲಿಯನ್ನು ಕುಟುಂಬ ನಡೆದೇ ಕ್ರಮಿಸಿತು. ಪಾದಗಳು ಒಡೆದು ಹೆಜ್ಜೆಗುರುತಿನಲ್ಲಿ ರಕ್ತ ಕಂಡಿತ್ತೆಂದು ಮುಪ್ಪಿನಲ್ಲಿ ಆಕೆ ಹೇಳಿ ಬರೆಸಿದ ಆತ್ಮಕಥೆಯಲ್ಲಿದೆ. ಪಿಯೋರಿಯಾದಲ್ಲಿ ಅಧಿಕಾರಿಗಳು ಬಿಡುಗಡೆ ಪತ್ರ ಕೇಳಿದರಂತೆ. ಎಂದೂ ಗುಲಾಮರಾಗಿರದವರ ಬಳಿ ಅಂಥ ಪತ್ರ ಎಲ್ಲಿಂದ ಬರಬೇಕು!

ನೌವೂದಲ್ಲಿ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ರ ಮನೆಯಲ್ಲೇ ಜೇನ್‌ಗೆ ಕೆಲಸ ಸಿಕ್ಕಿತು. ಸ್ಮಿತ್ ದಂಪತಿಗೆ ಮಗಳಾಗುವೆಯಾ ಎಂದು ಪತ್ನಿ ಎಮ್ಮಾ ಒಮ್ಮೆ ಕೇಳಿದರು. ಅದರ ಅರ್ಥ ತಿಳಿಯದೆ ಜೇನ್ ಒಲ್ಲೆನೆಂದಳು. 1844ರಲ್ಲಿ ಸ್ಮಿತ್ ಕೊಲೆಯಾದರು.

ಗಂಡ ಐಸಾಕ್, ಮಕ್ಕಳೊಡನೆ ಆಕೆ ಸಾಲ್ಟ್ ಲೇಕ್ ಕಣಿವೆ ತಲುಪಿದ್ದು 1847ರ ಸೆಪ್ಟೆಂಬರ್‌ನಲ್ಲಿ, ಮೊದಲ ತಂಡ ಬಂದ ಎರಡೇ ತಿಂಗಳಿಗೆ. ಹಸಿವಿನ ದಿನಗಳವು. 1849ರಲ್ಲಿ ಎಲೈಜಾ ಲೈಮನ್ ಎಂಬ ಬಿಳಿಯ ನೆರೆಯಾಕೆಯ ಮನೆಯಲ್ಲಿ ಹಿಟ್ಟು ತೀರಿದಾಗ ಜೇನ್ ತನ್ನಲ್ಲಿದ್ದುದರಲ್ಲಿ ಅರ್ಧ, ಸುಮಾರು ಎರಡು ಪೌಂಡ್, ಕೊಟ್ಟಳು. ಇದು ನಮಗೆ ತಿಳಿದಿರುವುದು ಎಲೈಜಾಳ ದಿನಚರಿಯಿಂದ.

1852ರಲ್ಲಿ ಆಗಿನ ನಾಯಕ ಬ್ರಿಗಮ್ ಯಂಗ್ ಕರಿಯರಿಗೆ ಪುರೋಹಿತ ಪದವಿಯಿಲ್ಲವೆಂದು ಬಹಿರಂಗವಾಗಿ ಸಾರಿದರು. ಸತ್ತ ಬಂಧುಗಳ ಪರವಾಗಿ ಜೇನ್ ದೀಕ್ಷಾಸ್ನಾನ ಪಡೆಯಬಹುದಿತ್ತು. ಸೀಲಿಂಗ್ ಮಾತ್ರ ಇಲ್ಲ. ಎಮ್ಮಾಳ ಮಾತು ನೆನಪಿಸಿ, ತನ್ನನ್ನು ಸ್ಮಿತ್‌ರ ಮಗಳಾಗಿ ಸೇರಿಸಿಕೊಳ್ಳಿರೆಂದು ಆಕೆ 1880ರ ದಶಕದಿಂದ ಮನವಿ ಮಾಡುತ್ತಲೇ ಬಂದಳು.

ಕೊನೆಗೆ 1894ರಲ್ಲಿ ಹಿರಿಯರು ಒಂದು ದಾರಿ ಕಂಡುಕೊಂಡರು: ಸ್ಮಿತ್‌ರಿಗೆ ಜೇನ್ ಅನಂತಕಾಲಕ್ಕೂ ಸೇವಕಿ! ದಯೆಯೆಂದು ತೋರುವ ಈ ಏರ್ಪಾಡು ಎಂಥ ಕ್ರೌರ್ಯ! ವಿಧಿ ನಡೆದಾಗ ಆಕೆಗೆ ಒಳಗೆ ಪ್ರವೇಶವಿರಲಿಲ್ಲ. ಆಕೆಯ ಬದಲಿಗೆ ನಿಂತವಳು ಒಬ್ಬ ಬಿಳಿಯ ಹೆಂಗಸು. ಅದೇ ವರ್ಷ ಯೂಟಾದಲ್ಲಿ ಪಂಥದ ವಂಶಾವಳಿ ಸಂಘ ಸ್ಥಾಪನೆಯಾಯಿತು.

ಜೇನ್ ಒಪ್ಪಲಿಲ್ಲ, ಮತ್ತೆ ಮನವಿ ಮಾಡಿದಳು. ಪಂಥವನ್ನೂ ಬಿಡಲಿಲ್ಲ. 1908ರಲ್ಲಿ ಆಕೆ ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಪಂಥದ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್ ಮಾತನಾಡಿದರು. 1894ರ ವಿಧಿಯಲ್ಲಿ ಸ್ಥಾಪಕನ ಪರವಾಗಿ ನಿಂತಿದ್ದವರೂ ಇವರೇ.

ನಿರ್ಬಂಧ ತೆರವಾದದ್ದು 1978ರಲ್ಲಿ. ಮರುವರ್ಷ, ಜೇನ್ ಸತ್ತು 71 ವರ್ಷಗಳಾದ ಮೇಲೆ, ಬದುಕಿದ್ದಾಗ ಆಕೆಗೆ ನಿರಾಕರಿಸಿದ್ದ ದೇವಾಲಯದ ವಿಧಿಗಳನ್ನು ಆಕೆಯ ಹೆಸರಿನಲ್ಲಿ ಬೇರೆಯವರು ನಡೆಸಿದರು.