ವಿಂಗಡಣಾಕ್ರಮದ ಹೊಂದಾಣಿಕೆ ಮತ್ತು ಕಾಳಿತೀರದ ಪದಸಂಚಯ: ಒಂದು ಚಾರಿತ್ರಿಕ ಟಿಪ್ಪಣಿ

ಕಾಳಿ ನದಿಯ ದಂಡೆಯ ಕದ್ರಾದಿಂದ ಅಂಕೋಲೆಯವರೆಗಿನ ಪ್ರದೇಶದಲ್ಲಿ ಕನ್ನಡ ಲಿಪಿಯು ಎರಡು ಭಾಷಾಕುಟುಂಬಗಳ ಭಾರವನ್ನು ಹೊತ್ತಿದೆ. ಹಾಲಕ್ಕಿ, ಹವ್ಯಕ ಮೊದಲಾದ ಕನ್ನಡದ ಪ್ರಭೇದಗಳು ಒಂದೆಡೆ. ದೇವನಾಗರಿಯಲ್ಲೂ ಬರೆಯಲ್ಪಡುವ ಕೊಂಕಣಿ ಇನ್ನೊಂದೆಡೆ. ಇಲ್ಲಿನ ಪದಗಳನ್ನು ಡೇಟಾಬೇಸಿನಲ್ಲಿ ಸಂಚಯಿಸಿದಾಗ ಯಾವ ಎರಡು ನಮೂದುಗಳು ಬೇರೆ, ಯಾವುವು ಒಂದೇ ಎಂಬುದನ್ನು ಸಂಪಾದಕರ ಧ್ವನಿಮಾ ವಿಶ್ಲೇಷಣೆಯೊಂದೇ ನಿರ್ಧರಿಸುವುದಿಲ್ಲ. ತಂತ್ರಾಂಶದ ವಿಂಗಡಣಾಕ್ರಮವೂ ನಿರ್ಧರಿಸುತ್ತದೆ. ಆವೃತ್ತಿ ಬದಲಾದಾಗ ಈ ನಿರ್ಧಾರ ಸದ್ದಿಲ್ಲದೆ ಬದಲಾಗಬಲ್ಲದು.

ಯೂನಿಕೋಡಿನ ಕನ್ನಡ ವಿಭಾಗವು ಇಸ್ಕಿಯ 1988ರ ರೂಪವನ್ನು ಆಧರಿಸಿ 1991ರಲ್ಲಿ ಹೊರಬಂದಿತು. ಅದರಲ್ಲಿ ನುಕ್ತ ಇರಲಿಲ್ಲ, 2003ರ 4.0 ಆವೃತ್ತಿಯಲ್ಲಿ ಸೇರಿತು. ಅನುನಾಸಿಕತೆಯ ಕಥೆ ಇನ್ನೂ ದೀರ್ಘವಾದುದು. ಕೊಂಕಣಿಯ ಹಲವು ಪ್ರಭೇದಗಳಲ್ಲಿ 'ಬರೆ' ಪುಲ್ಲಿಂಗ ಬಹುವಚನ, 'ಬರೆಂ' ನಪುಂಸಕ ಏಕವಚನ. ಸ್ವರದ ಅನುನಾಸಿಕತೆಯೊಂದೇ ಲಿಂಗವಚನಗಳನ್ನು ಬೇರ್ಪಡಿಸುತ್ತದೆ. ಬರಹದಲ್ಲಿ ಇದಕ್ಕೆ ಸಾಮಾನ್ಯ ಅನುಸ್ವಾರವೇ ಗತಿಯಾಗಿತ್ತು. ಕೊಂಕಣಿ, ಹವ್ಯಕ ಮತ್ತು ಅವಧಿ ಬರಹಗಳಿಗೆ ಬೇಕಾದ, ಬಲಮೇಲ್ಭಾಗದಲ್ಲಿ ನಿಲ್ಲುವ ಅನುಸ್ವಾರಕ್ಕೆ ಪ್ರತ್ಯೇಕ ಸಂಕೇತ ದೊರೆತದ್ದು 2022ರ 15.0 ಆವೃತ್ತಿಯಲ್ಲಿ.

ಡೇಟಾಬೇಸಿನ ಕಾಲಗಣನೆ ಇದಕ್ಕೆ ಸಮಾನಾಂತರವಾಗಿ ಸಾಗಲಿಲ್ಲ. 2018ರಲ್ಲಿ ಮೈಎಸ್‌ಕ್ಯೂಎಲ್ 8.0 ಬಂದಾಗ ನಾಲ್ಕು ಬೈಟುಗಳ ಯುಟಿಎಫ್‌-8ರ ಡಿಫಾಲ್ಟ್ ವಿಂಗಡಣಾಕ್ರಮವು 'ಜನರಲ್' ಎಂಬುದರಿಂದ, ಯೂನಿಕೋಡ್ 9.0ರ ತೂಕಗಳನ್ನು ಬಳಸುವ ಮತ್ತು ಗುರುತುಗಳನ್ನು ಲೆಕ್ಕಿಸದ ಕ್ರಮಕ್ಕೆ ಬದಲಾಯಿತು. ಹಳೆಯ ಕ್ರಮದಲ್ಲಿ 'ಜ' ಮತ್ತು 'ಜ಼' ಬೇರೆ. ನುಕ್ತಕ್ಕೆ ಪ್ರಾಥಮಿಕ ತೂಕವಿಲ್ಲದ ಕಾರಣ ಹೊಸದರಲ್ಲಿ ಅವು ಸಮಾನ. ಕೊಂಕಣಿಯ ತಾಲವ್ಯ ಮತ್ತು ದಂತ್ಯ ಸ್ಪರ್ಶಘರ್ಷಗಳನ್ನು ಈ ಗುರುತಿನಿಂದಲೇ ಬೇರ್ಪಡಿಸಿದ ಕೋಶಕ್ಕೆ ಇದು ಸಣ್ಣ ಸಂಗತಿಯಲ್ಲ. 2022ರ ಅನುಸ್ವಾರದ ಅವಸ್ಥೆ ಇದಕ್ಕೆ ವಿರುದ್ಧವಾದುದು. 9.0ರ ಪಟ್ಟಿಗೆ ಅದು ಅಪರಿಚಿತ. ಆದ್ದರಿಂದ ಅದಕ್ಕೆ ಎಲ್ಲ ಅಕ್ಷರಗಳಿಗಿಂತ ಹೆಚ್ಚಿನ ತೂಕ ದೊರೆತು, ಆ ಗುರುತುಳ್ಳ ರೂಪವು 'ಬರೆ'ಯಿಂದ ಆರಂಭವಾಗುವ ಉಳಿದೆಲ್ಲ ಪದಗಳ ಹಿಂದೆ ಹೋಗಿ ನಿಲ್ಲುತ್ತದೆ.

ಉನ್ನತೀಕರಣದ ವೇಳೆ ಹಳೆಯ ಕೋಷ್ಟಕಗಳು ತಮ್ಮ ವಿಂಗಡಣಾಕ್ರಮವನ್ನು ಉಳಿಸಿಕೊಳ್ಳುತ್ತವೆ ಎಂಬ ಸಮಾಧಾನ ಅರ್ಧಸತ್ಯ. ಅದೇ ಜಾಗದಲ್ಲಿ ಉನ್ನತೀಕರಿಸಿದರೆ ಅದು ನಿಜ. ಆದರೆ 5.7ರ ರಫ್ತು ಕಡತವು ಡಿಫಾಲ್ಟ್ ಕ್ರಮದ ಹೆಸರನ್ನು ಬರೆಯುತ್ತಿರಲಿಲ್ಲ, ಅಕ್ಷರಗಣದ ಹೆಸರನ್ನು ಮಾತ್ರ ಬರೆಯುತ್ತಿತ್ತು. ಆ ಕಡತವನ್ನು 8.0ಕ್ಕೆ ಆಮದು ಮಾಡಿದರೆ ಕೋಷ್ಟಕವು ಹೊಸ ಕ್ರಮದಲ್ಲಿ ಹುಟ್ಟುತ್ತದೆ. ಬರೆಯದೆ ಬಿಟ್ಟದ್ದೇ ಇಲ್ಲಿ ಅರ್ಥವನ್ನು ಬದಲಿಸಿತು. ಹಸ್ತಪ್ರತಿಗಳ ಪಾಠಾಂತರವನ್ನು ಬಲ್ಲವರಿಗೆ ಇದು ಹೊಸತೆನಿಸದು. ಪೋಸ್ಟ್‌ಗ್ರೆಸ್ ಬಳಕೆದಾರರೂ ಇದನ್ನೇ ಬೇರೊಂದು ಬಗೆಯಲ್ಲಿ ಕಂಡರು: ಅದೇ 2018ರಲ್ಲಿ ಜಿಲಿಬ್‌ಸಿ 2.28 ವಿಂಗಡಣಾ ನಿಯಮಗಳನ್ನು ಬದಲಿಸಿದ್ದರಿಂದ ಹಳೆಯ ಸೂಚಿಗಳನ್ನು ಮರುನಿರ್ಮಿಸಬೇಕಾಯಿತು.

ನನ್ನ ಒಲವು ಎರಡು ಕೆಲಸಗಳನ್ನು ಬೇರ್ಪಡಿಸುವ ಕಡೆಗಿದೆ. ನಮೂದಿನ ಅನನ್ಯತೆಗೆ ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ದ್ವಿಮಾನ ಕ್ರಮ. ಓದುಗರಿಗೆ ತೋರುವ ಅಕಾರಾದಿಗೆ ಭಾಷಿಕ ಕ್ರಮ. ಕನ್ನಡದಲ್ಲಿ 'ೋ' ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಸರಣಿಯಾಗಿಯೂ ಬರಬಹುದಾದ್ದರಿಂದ, ದ್ವಿಮಾನ ಕ್ರಮಕ್ಕೆ ಮೊದಲು ಪಠ್ಯವನ್ನು ಒಂದೇ ಸಂಯುಕ್ತ ರೂಪಕ್ಕೆ ತರುವುದು ಅಗತ್ಯ. ಆಮದಿನ ಹೊತ್ತಿಗೆ ಹಳೆಯ ಕ್ರಮವನ್ನೇ ಹೆಸರಿಸಿ ನಮೂದಿಸಿ, ನಮೂದುಗಳ ಸಂಖ್ಯೆಯನ್ನು ತಾಳೆ ನೋಡಿದ ಮೇಲಷ್ಟೇ ಬದಲಾವಣೆಗೆ ಇಳಿಯಬೇಕು. ಅನನ್ಯ ಕೀಲಿಯುಳ್ಳ ಕೋಷ್ಟಕದಲ್ಲಿ ತಂತ್ರಾಂಶವು ದೋಷ ತೋರಿಸಿ ನಿಂತರೆ ಅದೃಷ್ಟ. ದ್ವಿರುಕ್ತಿಗಳನ್ನು ಕಡೆಗಣಿಸುವ ಆದೇಶದೊಡನೆ ಆಮದು ಮಾಡಿದ್ದರೆ 'ಜ಼'ದ ನಮೂದುಗಳು ಕೋಷ್ಟಕವನ್ನು ಸೇರಿರುವುದೇ ಇಲ್ಲ. ಆಮೇಲೆ ವಿಂಗಡಣಾಕ್ರಮವನ್ನು ಮರಳಿ ಬದಲಿಸಿದರೂ ಅವು ಹಿಂದಿರುಗುವುದಿಲ್ಲ.