ವಿಶಿಖೆಗೆ ಕಾಲಿಡುವ ಮುನ್ನ

ಗುರುವಿನ ಬಳಿ ಕಲಿತವನು ಸ್ವತಂತ್ರ ವೈದ್ಯನಾಗಿ ಹೊರಡುವ ಘಟ್ಟಕ್ಕೆ ಸುಶ್ರುತಸಂಹಿತೆಯು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಸೂತ್ರಸ್ಥಾನದ 10ನೆಯದಾದ ಅದರ ಹೆಸರು ‘ವಿಶಿಖಾನುಪ್ರವೇಶನೀಯ’. ವಿಶಿಖೆಯೆಂದರೆ ಬೀದಿ. ಅದಕ್ಕೆ ಮುಂಚಿನ ‘ಯೋಗ್ಯಾಸೂತ್ರೀಯ’ವು ಕೈ ಪಳಗಿಸುವ ಕ್ರಮವನ್ನು ಹೇಳುತ್ತದೆ: ಬೂದುಗುಂಬಳ, ಸೋರೆ, ಸೌತೆಗಳಲ್ಲಿ ಛೇದನ, ನೀರು, ಕೆಸರು ತುಂಬಿದ ತೊಗಲಚೀಲದಲ್ಲಿ ಭೇದನ, ಸತ್ತ ಪ್ರಾಣಿಯ ಸಿರೆಯಲ್ಲೂ ತಾವರೆಯ ದಂಟಿನಲ್ಲೂ ವೇಧನ, ಬಟ್ಟೆಯ ಅಂಚಿನಲ್ಲಿ ಹೊಲಿಗೆ, ಗೊಂಬೆಯ ಅಂಗಾಂಗಗಳಿಗೆ ಪಟ್ಟಿ ಕಟ್ಟುವಿಕೆ. ಎಷ್ಟು ಓದಿದವನಾದರೂ ಈ ಅಭ್ಯಾಸವಿಲ್ಲದೆ ಶಸ್ತ್ರಕರ್ಮಕ್ಕೆ ಅಯೋಗ್ಯನೇ.

ಬೀದಿಗಿಳಿಯಲು ಇಷ್ಟೇ ಸಾಲದು. ಶಾಸ್ತ್ರವನ್ನು ಓದಿ, ಅರ್ಥವನ್ನರಿತು, ಶಸ್ತ್ರಕರ್ಮವನ್ನು ಕಣ್ಣಾರೆ ಕಂಡು, ಕೈ ಪಳಗಿಸಿಕೊಂಡವನಿಗೂ ರಾಜನ ಅನುಮತಿ ಬೇಕು. ಉಗುರು, ಕೂದಲು ಕತ್ತರಿಸಿ, ಬಿಳಿಯ ಬಟ್ಟೆ ಉಟ್ಟು, ಕೊಡೆ, ಕೋಲು ಹಿಡಿದು ಹೊರಡಬೇಕೆಂಬ ವಿವರ ಇಂದಿನವರಿಗೆ ನಗು ತರಿಸೀತು. ನನಗೆ ಮುಖ್ಯವೆನಿಸುವುದು ಆ ಅನುಮತಿಯ ಮಾತು. ಅದರ ತೂಕ ತಿಳಿಯಬೇಕಾದರೆ 3ನೆಯ ಅಧ್ಯಾಯಕ್ಕೆ ಹಿಂದಿರುಗಬೇಕು. ಛೇದನಾದಿ ಕರ್ಮಗಳನ್ನರಿಯದ ಕುವೈದ್ಯನು ಲೋಭದಿಂದ ಜನರನ್ನು ಕೊಲ್ಲುತ್ತಾನೆ. ಅದಕ್ಕೆ ರಾಜನ ದೋಷವೇ ಕಾರಣ ಎನ್ನುತ್ತದೆ ಗ್ರಂಥ. ಹೀಗೆ, ಅಪಕ್ವನ ಕೈಯಲ್ಲಿ ಸತ್ತ ರೋಗಿಯ ಲೆಕ್ಕವನ್ನು ಗುರುಶಿಷ್ಯರ ನಡುವೆಯೇ ಮುಗಿಸದೆ ದೊರೆಯ ಬಾಗಿಲಿಗೂ ಒಯ್ದಿರುವುದು ಸಣ್ಣ ಧೈರ್ಯವಲ್ಲ.